ತಂತಿಯಿಂದ ಬೆಳಕಿಗೆ: ಜೀವಕೋಶದ ಕರೆಂಟು ಅಳೆದ ಕಥೆ

ಮೂರ್ಛೆ ರೋಗದವರನ್ನು ನಿಮ್ಹಾನ್ಸ್‌ಗೆ ಕರೆದೊಯ್ದವರಿಗೆಲ್ಲ ಇಇಜಿ ಪರೀಕ್ಷೆ ಗೊತ್ತು. ಬೆಂಗಳೂರಿನ ಜಯನಗರಕ್ಕೆ ಹತ್ತಿರ, ಹೊಸೂರು ರಸ್ತೆಯಲ್ಲಿರುವ ಆ ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಕರೆಂಟನ್ನು ಗೆರೆಗಳಾಗಿ ದಾಖಲಿಸುತ್ತಾರೆ. ಮನುಷ್ಯರ ಮೇಲೆ ಈ ಪರೀಕ್ಷೆಯನ್ನು ಮೊದಲು ಮಾಡಿದವರು ಜರ್ಮನಿಯ ಹ್ಯಾನ್ಸ್ ಬರ್ಗರ್, 1924ರಲ್ಲಿ. ಆದರೆ ಇದು ಜಾತ್ರೆಯ ಗದ್ದಲವನ್ನು ಊರಾಚೆ ನಿಂತು ಕೇಳಿದ ಹಾಗೆ. ಲಕ್ಷಾಂತರ ಜೀವಕೋಶಗಳ ಸದ್ದು ಒಟ್ಟಿಗೇ ಬರುತ್ತದೆ, ಒಂದೊಂದರ ಮಾತು ಬೇರೆಯಾಗಿ ಕೇಳುವುದಿಲ್ಲ.

ಒಂದೇ ಕೋಶದ ಕರೆಂಟು ತಿಳಿಯಬೇಕಾದರೆ ತಂತಿ ಅದರ ಒಳಗೇ ಹೋಗಬೇಕು. 1939ರಲ್ಲಿ ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಇದನ್ನು ಮಾಡಿ ತೋರಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಸ್ಕ್ವಿಡ್‌ನ ದಪ್ಪ ನರ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುತ್ತಾರಲ್ಲ, ಅದೇ ಜೀವಿ. ನರಕೋಶದ ಒಳಗೂ ಹೊರಗೂ ಇರುವ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್. ಟಾರ್ಚಿಗೆ ಹಾಕುವ 1.5 ವೋಲ್ಟ್ ಶೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು.

ಸಣ್ಣ ಕೋಶಕ್ಕೆ ತಂತಿ ಚುಚ್ಚಿದರೆ ಗಾಯವಾಗುತ್ತದೆ. ಹಾಗಾಗಿ ವಿಜ್ಞಾನಿಗಳು ಬೆಳಕಿನ ಮೊರೆ ಹೋದರು. 1973ರಲ್ಲಿ ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಜೊತೆಗಾರರು ಜಿಗಣೆಯ ನರಕೋಶಗಳಿಗೆ ವಿಶೇಷ ಬಣ್ಣ ಹಚ್ಚಿದರು. ಕರೆಂಟು ಹರಿದಾಗ ಬಣ್ಣದ ಹೊಳಪು ಬದಲಾಯಿತು. ಚುಚ್ಚದೆಯೇ ಒಂದೊಂದು ಕೋಶದ ಮಿಡಿತ ಕಂಡಿತು.

ಇನ್ನೂ ಒಂದು ಬಾಗಿಲು ಮುಚ್ಚಿತ್ತು. ಕೋಶದ ಒಳಗೆ ಮತ್ತೂ ಚಿಕ್ಕ ಚೀಲಗಳಿವೆ. ಕಸ ಕರಗಿಸುವ ಲೈಸೋಸೋಮ್ ಅವುಗಳಲ್ಲೊಂದು. ಅದು ಕೆಲಸ ಮಾಡದೆ ಹುಟ್ಟಿದ ಕೆಲವು ಮಕ್ಕಳ ಮಿದುಳೇ ಸೊರಗುತ್ತದೆ. ಅಲ್ಲಿಗೆ ತಂತಿ ತೂರಿಸುವುದು ಬಲು ಕಷ್ಟ.

ಆ ಬಾಗಿಲು ತೆರೆಯುವ ಕೆಲಸ ಶುರುವಾದದ್ದು ಬೆಂಗಳೂರಿನಲ್ಲೇ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಡಿಎನ್ಎಯಿಂದಲೇ ಪುಟ್ಟ ಸಾಧನ ಮಾಡಿ, ಜೀವಂತ ಕೋಶದೊಳಗಿನ ಹುಳಿ ಅಂಶವನ್ನು ಬೆಳಕಿನಿಂದ ಅಳೆಯಿತು. 2014ರಲ್ಲಿ ಅವರು ಷಿಕಾಗೊಗೆ ಹೋದರು. 2020ರಲ್ಲಿ ಅವರ ತಂಡ 'ವೋಲ್ಟೇರ್' ಎಂಬ ಡಿಎನ್ಎ ಮೀಟರನ್ನು ಪ್ರಕಟಿಸಿತು. ಕೋಶ ಅದನ್ನು ತಾನೇ ನುಂಗುತ್ತದೆ. ಅದರಲ್ಲಿರುವ ಒಂದು ಬಣ್ಣ ವೋಲ್ಟೇಜಿಗೆ ತಕ್ಕಂತೆ ಹೊಳೆಯುತ್ತದೆ, ಇನ್ನೊಂದು ತಕ್ಕಡಿಯ ಬಟ್ಟಿನಂತೆ ಬದಲಾಗದೆ ಇರುತ್ತದೆ. ಎರಡನ್ನೂ ಹೋಲಿಸಿದರೆ ಚೀಲದ ವೋಲ್ಟೇಜು ಸಿಗುತ್ತದೆ.

ಇದು ಪ್ರಯೋಗಾಲಯದ ಸಾಧನ, ಆಸ್ಪತ್ರೆಯ ಪರೀಕ್ಷೆಯಲ್ಲ. ಮೂರ್ಛೆ ಬಂದವರಿಗೆ ಇವತ್ತಿಗೂ ಆಸರೆ ಇಇಜಿ ಮತ್ತು ವೈದ್ಯರು ಬರೆದ ಮಾತ್ರೆ. ಹೊಸ ಯಂತ್ರ ಬರಲಿ ಎಂದು ಯಾರೂ ಮಾತ್ರೆ ನಿಲ್ಲಿಸಬಾರದು ಎಂಬುದೇ ನಮ್ಮ ಕೋರಿಕೆ.