ಮರಳಿ ಬಂದ ಪೆಟ್ಟಿಗೆ

ಆಟಿಕೆಗಾಗಿ ಹಟ ಹಿಡಿದು ಕುಳಿತ ಮಕ್ಕಳನ್ನು ನೀವೆಲ್ಲರೂ ಕಂಡಿದ್ದೀರಿ. ಆದರೆ ಕಿವಿಯ ಪಕ್ಕದ ಕೂದಲು ನರೆಯತೊಡಗಿದ ಗೃಹಸ್ಥರು ಒಂದು ಆಟದ ಪೆಟ್ಟಿಗೆಗಾಗಿ ಹದಿಮೂರು ವರ್ಷ ಕಾದದ್ದನ್ನು ಬಹುಶಃ ಕಂಡಿರಲಾರಿರಿ. 2009ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪೆನಿಯು ತನ್ನ ಹಳೆಯ ಆಟವೊಂದನ್ನು ಹೊಸದಾಗಿ ಹೊರತರುವುದಾಗಿ ಸಾರಿತು. ಆಟದ ಹೆಸರು ಸ್ಪೇಸ್ ಹಲ್ಕ್. ಮಾರಾಟದ ದಿನ ಸೆಪ್ಟೆಂಬರ್ 5. ಒಮ್ಮೆ ಅಚ್ಚಾದ ಪೆಟ್ಟಿಗೆಗಳು ಮುಗಿದರೆ ಮುಗಿದಂತೆಯೇ, ಮತ್ತೆ ಅಚ್ಚು ಹಾಕುವುದಿಲ್ಲ ಎಂಬ ಮಾತು ಆ ಪ್ರಕಟಣೆಯ ಬಾಲದಲ್ಲಿತ್ತು. ಅಷ್ಟು ಸಾಕಾಯಿತು. ಬಲ್ಲವರು ಮುಂಗಡ ಹಣ ಕಟ್ಟಲು ಅಂಗಡಿಗಳಿಗೆ ನಡೆದರು.

ಇದೇನು ಆಟ, ಇಷ್ಟೊಂದು ಆತುರವೇಕೆ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ; ಆದರೆ ಮೊದಲು ಹೆಸರನ್ನು ಸ್ವಲ್ಪ ಬಿಡಿಸಬೇಕು. ಪಟ ಕೂವೆಗಳನ್ನು ಕಿತ್ತು, ಪಯಣಕ್ಕೆ ಬಾರದೆಂದು ದಡದ ಬಳಿ ಕಟ್ಟಿಹಾಕಿದ ಹಳೆಯ ಹಡಗಿನ ಒಡಲಿಗೆ ಇಂಗ್ಲಿಷರು ಹಲ್ಕ್ ಎನ್ನುತ್ತಾರೆ. ಹಡಗಿನ ಹೆಣ ಎನ್ನಿ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಂಥ ಒಡಲುಗಳಲ್ಲಿ ಅವರು ಸೆರೆಯಾಳುಗಳನ್ನು ಕೂಡಿಡುತ್ತಿದ್ದರು. ಈ ಆಟದಲ್ಲಿ ಆ ಹೆಣ ತೇಲುವುದು ಆಕಾಶದಲ್ಲಿ. ಎಷ್ಟೋ ಸಾವಿರ ವರ್ಷಗಳ ಮುಂದಿನ ಕಾಲ. ಒಡೆಯನಿಲ್ಲದೆ ತಾರೆಗಳ ನಡುವೆ ಅಲೆಯುವ ಒಂದು ಬೃಹತ್ ನೌಕೆ. ಅದರ ಕತ್ತಲೆಯ ಓಣಿಗಳಲ್ಲಿ ಅವಿತಿರುವ, ನಾಲ್ಕು ತೋಳುಗಳ ಜೀನ್‌ಸ್ಟೀಲರ್ ಎಂಬ ಕ್ರೂರ ಪ್ರಾಣಿಗಳು. ಅವುಗಳ ನಡುವೆ ಭಾರಿ ಕವಚ ತೊಟ್ಟ ಕೆಲವೇ ಯೋಧರು ನುಗ್ಗುತ್ತಾರೆ. ಈ ಯೋಧರ ಹೆಸರು ಟರ್ಮಿನೇಟರ್. ಜೇಮ್ಸ್ ಕ್ಯಾಮರಾನ್ 1986ರಲ್ಲಿ ತೆಗೆದ 'ಏಲಿಯನ್ಸ್' ಚಲನಚಿತ್ರವನ್ನು ಕಂಡವರಿಗೆ ಇದರ ನೆರಳು ಎಲ್ಲಿಂದ ಬಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೊಂಬೆಗಳನ್ನಿಟ್ಟು ಯುದ್ಧವಾಡುವುದು ಹೊಸದೇನೂ ಅಲ್ಲ. ಪ್ರಷ್ಯದ ಸೈನ್ಯಾಧಿಕಾರಿಗಳು 1824ರಿಂದಲೇ ನಕಾಶೆಯ ಮೇಲೆ ಗುರುತಿನ ತುಂಡುಗಳನ್ನು ಸರಿಸಿ ರಣತಂತ್ರ ಕಲಿಯುತ್ತಿದ್ದರು. ಅದು ಪಾಠ. ಅದನ್ನು ಮನೆಯ ನೆಲಕ್ಕೆ ತಂದು ವಿನೋದವಾಗಿಸಿದವರಲ್ಲಿ ಮುಖ್ಯನಾದವನು ಬೇರೆ ಯಾರೂ ಅಲ್ಲ, ಎಚ್. ಜಿ. ವೆಲ್ಸ್. ಮಂಗಳಗ್ರಹದವರು ಭೂಮಿಗೆ ದಾಳಿಯಿಟ್ಟ ಕತೆಯನ್ನು ಬರೆದ ಮಹಾಶಯನೇ! ಆ ಕತೆ 1938ರಲ್ಲಿ ಅಮೆರಿಕದ ರೇಡಿಯೋದಲ್ಲಿ ನಾಟಕವಾಗಿ ಬಂದು ಕೇಳುಗರಲ್ಲಿ ಕೆಲವರನ್ನು ಗಾಬರಿಗೊಳಿಸಿದ ಪ್ರಸಂಗ ಬಾನುಲಿಯ ಮಿತ್ರರಿಗೆ ತಿಳಿದದ್ದೇ. ಅದೇ ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಟ್ಟ ಪುಸ್ತಕ ಬರೆದು, ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಮರದ ಚೂರುಗಳನ್ನು ಹಾರಿಸುವ ಸ್ಪ್ರಿಂಗಿನ ಫಿರಂಗಿಯಿಂದ ಅವರನ್ನು ಉರುಳಿಸುವ ಕ್ರಮವನ್ನು ವಿವರಿಸಿದ. ವೈಜ್ಞಾನಿಕ ಕಥೆಯೂ ಬೊಂಬೆಯುದ್ಧವೂ ಒಂದೇ ಮೇಜಿನ ಮೇಲೆ ಬೆಳೆದ ಅಣ್ಣತಮ್ಮಂದಿರು ಎನ್ನಲು ಅಡ್ಡಿಯಿಲ್ಲ. ಅವನ ನಿಯಮಗಳಲ್ಲೊಂದನ್ನು ನೀವು ನೆನಪಿನಲ್ಲಿಡಬೇಕು: ಪ್ರತಿಯೊಂದು ಸರದಿಗೂ ಗಡಿಯಾರ ನೋಡಿ ಇಷ್ಟು ನಿಮಿಷವೆಂದು ಕಟ್ಟುಮಾಡಿದ್ದ. ನಿಜವಾದ ಸೇನಾಪತಿಗೆ ಕೂತು ಯೋಚಿಸಲು ಯಾರು ಪುರುಸೊತ್ತು ಕೊಡುತ್ತಾರೆ?

ಇನ್ನು ನಮ್ಮ ಕಂಪೆನಿಯ ಮಾತು. 1975ರಲ್ಲಿ ಲಂಡನ್ನಿನ ಒಂದು ಬಾಡಿಗೆ ಮನೆಯಲ್ಲಿ ಮೂವರು ತರುಣರು ಅದನ್ನು ಆರಂಭಿಸಿದರು. ಮೊದಮೊದಲು ಮಾಡಿದ್ದು ಮರದ ಆಟದ ಮಣೆಗಳನ್ನು. ಅವುಗಳಲ್ಲಿ ಮಂಕಾಲ ಎಂಬುದೂ ಒಂದು. ಅದು ನಮ್ಮ ಅಳಗುಳಿಮನೆಯ ಬಳಗದ ಆಟವೆಂದರೆ ನಿಮಗೆ ಸ್ವಲ್ಪ ಸಂತೋಷವಾದೀತು. ಆಮೇಲೆ ಲೋಹದ ಬೊಂಬೆಗಳ ಎರಕ ಬಂದಿತು, 1983ರಲ್ಲಿ ವಾರ್‌ಹ್ಯಾಮರ್ ಎಂಬ ಸೇನಾಯುದ್ಧದ ಆಟ ಬಂದಿತು, 1987ರಲ್ಲಿ ಅದನ್ನೇ ದೂರದ ಭವಿಷ್ಯಕ್ಕೆ ಒಯ್ದ ವಾರ್‌ಹ್ಯಾಮರ್ 40,000 ಬಂದಿತು. ಅದರ ಕಥಾಲೋಕದೊಳಗಿನಿಂದ 1989ರಲ್ಲಿ ಸ್ಪೇಸ್ ಹಲ್ಕ್ ಹುಟ್ಟಿತು. ಅದನ್ನು ಮುಖ್ಯವಾಗಿ ರೂಪಿಸಿದವನು ರಿಚರ್ಡ್ ಹ್ಯಾಲಿವೆಲ್. ವಾರ್‌ಹ್ಯಾಮರ್ ಮೊದಲ ಆವೃತ್ತಿಯ ಮೂವರು ಕರ್ತೃಗಳಲ್ಲಿಯೂ ಅವನೊಬ್ಬ.

ಆಡುವ ಬಗೆ ನೋಡಿ. ಚದುರಂಗದಂತೆ ಒಂದೇ ಹಾಸಿಲ್ಲ. ಓಣಿ, ತಿರುವು, ಕೋಣೆಗಳ ಚಿತ್ರವಿರುವ ದಪ್ಪ ರಟ್ಟಿನ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ, ಆ ದಿನದ ಪ್ರಸಂಗಕ್ಕೆ ತಕ್ಕಂತೆ ನೌಕೆಯ ಒಳಗನ್ನು ಮೇಜಿನ ಮೇಲೆ ಕಟ್ಟಬೇಕು. ಒಬ್ಬ ಆಟಗಾರ ಕವಚಧಾರಿಗಳನ್ನು ನಡೆಸುತ್ತಾನೆ, ಇನ್ನೊಬ್ಬ ಪ್ರಾಣಿಗಳನ್ನು. ಕವಚಧಾರಿಗೆ ಒಂದು ಸರದಿಯಲ್ಲಿ ನಾಲ್ಕು ಅಂಕಗಳಷ್ಟು ಚಟುವಟಿಕೆ. ಒಂದು ಮನೆ ಮುಂದಿಟ್ಟರೆ ಒಂದು ಅಂಕ, ಪಕ್ಕಕ್ಕೆ ತಿರುಗಿದರೂ ಒಂದು ಅಂಕ ಖರ್ಚು. ಪ್ರಾಣಿಗೆ ಆರು. ದೂರವಿದ್ದಾಗ ಕವಚಧಾರಿಯ ಬಂದೂಕಿಗೆ ಎರಡು ದಾಳ, ಯಾವುದಾದರೊಂದರಲ್ಲಿ ಆರು ಬಿದ್ದರೆ ಪ್ರಾಣಿ ಸತ್ತಂತೆ. ಹತ್ತಿರ ಬಂದು ಕೈಕೈ ಮಿಲಾಯಿಸಿದರೋ, ಪ್ರಾಣಿ ಮೂರು ದಾಳ ಹಾಕುತ್ತದೆ, ಇವನದು ಒಂದೇ. ಹೆಚ್ಚಿನ ಸಂಖ್ಯೆ ಯಾರದೋ ಅವರು ಬದುಕುತ್ತಾರೆ. ಲೆಕ್ಕ ಬಲ್ಲವರಿಗೆ ಇದರ ಭಯ ಕೂಡಲೇ ಅರ್ಥವಾಗುತ್ತದೆ.

ಇಷ್ಟೇ ಆಗಿದ್ದರೆ ಸಾಧಾರಣ ಆಟ. ಹ್ಯಾಲಿವೆಲ್ಲನ ಜಾಣತನ ಬೇರೆ ಕಡೆ ಇದೆ. ಪ್ರಾಣಿಗಳು ಮೊದಲು ಬೊಂಬೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಯೋಧರ ಯಂತ್ರದ ತೆರೆಯ ಮೇಲೆ ಮೂಡುವ ಚುಕ್ಕೆಗಳಂತೆ ಬೋರಲಾದ ಬಿಲ್ಲೆಗಳಾಗಿ ಓಣಿಯಲ್ಲಿ ಸರಿಯುತ್ತವೆ. ಬಿಲ್ಲೆಯ ಅಡಿಯಲ್ಲಿ ಒಂದೋ ಎರಡೋ ಮೂರೋ, ಆಡಿಸುವವನಿಗಷ್ಟೇ ಗೊತ್ತು. ಯೋಧನ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಮಗುಚಬೇಕು. ಮೇಲಾಗಿ ಯೋಧರ ಪಕ್ಷದವನಿಗೆ ಕಾಲದ ಮಿತಿ. 2009ರ ಪೆಟ್ಟಿಗೆಯಲ್ಲಿ ಇದಕ್ಕಾಗಿ ಮೂರು ನಿಮಿಷದ ಮರಳುಗಡಿಯಾರವನ್ನೇ ಇಟ್ಟಿದ್ದರು. ಪ್ರಾಣಿಗಳ ಪಕ್ಷದವನು ನಿಧಾನವಾಗಿ ಚಹ ಕುಡಿಯುತ್ತ ಯೋಚಿಸಬಹುದು. ಇವನು ಮರಳು ಸುರಿಯುವುದನ್ನು ನೋಡುತ್ತ ಬೆವರಬೇಕು. ಆತುರದಲ್ಲಿ ಒಬ್ಬ ಯೋಧನನ್ನು ಮರೆತರೆ ಅವನು ಬೆನ್ನು ತೋರಿಸಿಕೊಂಡು ನಿಂತೇ ಇರುತ್ತಾನೆ. ವೆಲ್ಸನ ಗಡಿಯಾರ ಮುಕ್ಕಾಲು ಶತಮಾನದ ಮೇಲೆ ಹೀಗೆ ಮತ್ತೆ ಕೆಲಸಕ್ಕೆ ಬಂದಿತು. ಎರಡು ಪಕ್ಷಗಳೂ ಸಮವಾಗಿರಬೇಕೆಂಬ ಹಳೆಯ ನಂಬಿಕೆಯನ್ನು ಬಿಟ್ಟು, ಎರಡಕ್ಕೂ ಬೇರೆಬೇರೆ ಬಗೆಯ ಸಂಕಟವನ್ನು ಹಂಚಿದ ಆಟ ಇದು. ಅದನ್ನು ಒಮ್ಮೆ ಆಡಿದವರು ಮರೆಯಲಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ.

ಆಟಕ್ಕೆ 1990ರಲ್ಲಿ ಎರಡು ಪುರವಣಿ ಪೆಟ್ಟಿಗೆಗಳು ಬಂದವು. 1993ರಲ್ಲಿ ಅದು ಗಣಕಯಂತ್ರದ ಆಟವೂ ಆಯಿತು. 1996ರಲ್ಲಿ ನಿಯಮಗಳನ್ನು ಸಡಿಲಗೊಳಿಸಿದ ಎರಡನೆಯ ಆವೃತ್ತಿ ಬಂದಿತು. ಹಳಬರಿಗೆ ಅದು ಅಷ್ಟಾಗಿ ರುಚಿಸಲಿಲ್ಲ. ಅದೂ ಅಂಗಡಿಗಳಿಂದ ಮಾಯವಾದ ಮೇಲೆ ದೀರ್ಘ ಮೌನ.

ಆಟ ಬದುಕಿ ಉಳಿದದ್ದು ಈ ಮೌನದ ಕಾಲದಲ್ಲಿಯೇ ಎಂದು ನಾನು ಹೇಳುತ್ತೇನೆ. ಅಂಗಡಿಯಲ್ಲಿ ಪೆಟ್ಟಿಗೆಯಿಲ್ಲ, ಆದರೂ ಆಡುವವರಿದ್ದರು. ರಟ್ಟು ಹರಿದರೆ ಹೊಸ ಓಣಿಗಳನ್ನು ತಾವೇ ಬರೆದು ಕತ್ತರಿಸಿಕೊಂಡರು. ಹಳೆಯ ಪತ್ರಿಕೆಗಳಲ್ಲಿ ಬಂದ ಪ್ರಸಂಗಗಳನ್ನು ಕೈಯಿಂದ ಕೈಗೆ ದಾಟಿಸಿದರು, ತಮ್ಮವೇ ಪ್ರಸಂಗಗಳನ್ನು ಕಟ್ಟಿದರು. ಬಣ್ಣ ಹಚ್ಚುವ ಕೆಲಸವಂತೂ ಈ ಹವ್ಯಾಸದ ಅರ್ಧ ಸುಖ: ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಬೊಂಬೆಯ ಕವಚದ ಅಂಚಿಗೆ ಕೂದಲೆಳೆಯ ಕುಂಚದಿಂದ ಬೆಳಕಿನ ಗೆರೆ ಎಳೆಯುವುದಕ್ಕೆ ಇಡೀ ಸಂಜೆ ಹಿಡಿಯುತ್ತದೆ. 1989ರಲ್ಲಿ ಹದಿನಾಲ್ಕು ವರ್ಷದವನಾಗಿದ್ದ ಹುಡುಗ 2009ರಲ್ಲಿ ಮೂವತ್ತನಾಲ್ಕರ ಸಂಸಾರಿ. ತಾನು ಹುಡುಗನಾಗಿದ್ದಾಗ ಬಣ್ಣ ಮೆತ್ತಿ ಕೆಡಿಸಿದ್ದ ಬೊಂಬೆಗಳನ್ನು ಈಗ ಪಳಗಿದ ಕೈಯಿಂದ ಮತ್ತೆ ಮಾಡಬಹುದೆಂಬ ಆಸೆ ಆ ಕಾಯುವಿಕೆಯಲ್ಲಿತ್ತು. ಮಗನೊಡನೆ ಕೂತು ಆಡುವ ಆಸೆ ಕೆಲವರಿಗೆ.

2009ರ ಪೆಟ್ಟಿಗೆ ಅವರ ಆಸೆಗೆ ಮೋಸ ಮಾಡಲಿಲ್ಲ. 35 ಬೊಂಬೆಗಳು. ಮೊದಲ ಆವೃತ್ತಿಯ ಯೋಧರೆಲ್ಲ ಒಂದೇ ಅಚ್ಚಿನ ಸೋದರರಂತಿದ್ದರೆ, ಇಲ್ಲಿ ಒಬ್ಬೊಬ್ಬನಿಗೂ ಬೇರೆ ನಿಲುವು, ಬೇರೆ ಒಡವೆ, ಬೇರೆ ಹೆಸರು. ಅಂಟು ಬೇಡ, ಒತ್ತಿದರೆ ಕೂಡುವ ಭಾಗಗಳು. ರಟ್ಟಿನ ಓಣಿಗಳ ಮೇಲೆ ಉಬ್ಬುಚಿತ್ರ. ನಿಯಮಗಳು ಬಹುಮಟ್ಟಿಗೆ ಮೊದಲ ಆವೃತ್ತಿಯ ಕಟ್ಟಿಗೇ ಹಿಂದಿರುಗಿದ್ದವು. ಬ್ರಿಟನ್ನಿನಲ್ಲಿ ಬೆಲೆ 60 ಪೌಂಡು. ಪೆಟ್ಟಿಗೆಯ ಕತೆಯೂ ಸೊಗಸಾಗಿ ಒದಗಿಬಂದಿದೆ: ಹಿಂದೊಮ್ಮೆ ಇಂಥದೇ ನೌಕೆಯಲ್ಲಿ ಸೋತು ನಿರ್ನಾಮವಾಗುವಷ್ಟಕ್ಕೆ ಬಂದಿದ್ದ ಯೋಧಗಣವೊಂದು ನೂರಾರು ವರ್ಷಗಳ ಮೇಲೆ ಹಳೆಯ ಕಳಂಕ ತೊಳೆಯಲು ಮತ್ತೆ ನೌಕೆ ಹತ್ತುತ್ತದೆ.

ಪೆಟ್ಟಿಗೆಗಳು ಬೇಗನೆ ಖಾಲಿಯಾದವು. ತಡವಾಗಿ ಸುದ್ದಿ ತಿಳಿದವರು, ತಿಂಗಳ ಸಂಬಳಕ್ಕೆ ಕಾದವರು ಕೈ ಹಿಸುಕಿಕೊಂಡರು. ಒಂದನ್ನು ಆಡಲಿಕ್ಕೂ ಇನ್ನೊಂದನ್ನು ಮಾರಲಿಕ್ಕೂ ಕೊಂಡ ಜಾಣರು ಲಾಭ ಮಾಡಿದರು.

ಇಲ್ಲಿ ನನ್ನದೊಂದು ತಕರಾರಿದೆ. ನಮ್ಮ ಹುಲಿ-ಕುರಿ ಆಟವನ್ನು ನೆನೆಯಿರಿ. ಅದೂ ಅಸಮಬಲದ ಆಟವೇ. ಹುಲಿ ಕೆಲವೇ, ಕುರಿ ಹಲವು. ಗುಡಿಯ ಜಗಲಿಯ ಕಲ್ಲಿನ ಮೇಲೆ ಯಾರೋ ಎಂದೋ ಕೊರೆದ ಗೆರೆಗಳಿವೆ. ಹುಣಿಸೆಬೀಜ, ಬೆಣಚುಕಲ್ಲು ಇದ್ದರೆ ಆಯಿತು. ಅದಕ್ಕೆ ಒಡೆಯನಿಲ್ಲ, ಆದ್ದರಿಂದ ಅದು ಎಂದೂ ಅಂಗಡಿಯಲ್ಲಿ ಮುಗಿದುಹೋಗುವುದಿಲ್ಲ. ಸ್ಪೇಸ್ ಹಲ್ಕಿನ ನಿಯಮಗಳನ್ನೂ ಹೀಗೆ ಕಾಗದದ ಚೂರುಗಳಿಂದ ಆಡಿಕೊಳ್ಳಬಹುದು, ಆಡಿದರೂ ಕೂಡ. ಆದರೆ ಬೊಂಬೆಯ ಅಚ್ಚು ಕಂಪೆನಿಯ ಕೈಯಲ್ಲಿದೆ. ಉಕ್ಕಿನಲ್ಲಿ ಅಚ್ಚು ಕೊರೆಯುವುದು ದುಬಾರಿ ಕೆಲಸ. ಕೊರೆದ ಮೇಲೆ ಒಂದೊಂದು ಬೊಂಬೆಗೆ ಬೀಳುವ ಖರ್ಚು ಅಲ್ಪ. ಹಾಗಾದರೆ ಬೇಕಾದವರಿಗೆಲ್ಲ ಮಾಡಿಕೊಡಬಾರದೇಕೆ? ವ್ಯಾಪಾರದ ಕಡೆಯಿಂದ ನೋಡಿದರೆ ಉತ್ತರ ಕಷ್ಟವಲ್ಲ. ಯಂತ್ರಗಳು ನಡೆಯುವ ಹೊತ್ತು ಮಿತವಾದದ್ದು. ದೊಡ್ಡ ಸೇನೆಗಳ ಆಟಕ್ಕೆ ಗಿರಾಕಿ ಮತ್ತೆ ಮತ್ತೆ ಬಂದು ಹೊಸ ದಳ ಕೊಳ್ಳುತ್ತಾನೆ. ಸ್ಪೇಸ್ ಹಲ್ಕ್ ಕೊಂಡವನಿಗೆ ಮತ್ತೇನೂ ಬೇಡ, ಪೆಟ್ಟಿಗೆಯಲ್ಲೇ ಎಲ್ಲ ಇದೆ. ಕೊಳ್ಳುವವನಿಗೆ ಇದು ಗುಣ, ಮಾರುವವನಿಗೆ ದೋಷ. ಅಭಾವವನ್ನು ತೋರಿಸಿ ಆತುರವನ್ನು ಬೆಳೆಸುವುದೂ ಒಂದು ಮಾರಾಟದ ಕಲೆಯೇ. ಆದರೂ ಹದಿಮೂರು ವರ್ಷ ಆಟವನ್ನು ತಮ್ಮ ಕೈಯಾರೆ ಬದುಕಿಸಿದವರಿಗೆ ಕೆಲವು ವಾರಗಳ ಗಡುವು ಕೊಟ್ಟದ್ದು ಉಚಿತವೆಂದು ನನಗೆ ಅನ್ನಿಸುವುದಿಲ್ಲ.

ಮತ್ತೆ ಎಂದೂ ಬಾರದೆಂದ ಪೆಟ್ಟಿಗೆ 2014ರ ಸೆಪ್ಟೆಂಬರಿನಲ್ಲಿ ಮತ್ತೆ ಬಂದಿತು. ಬೊಂಬೆಗಳು ಅವೇ, ಕೆಲವು ಹೊಸ ಪ್ರಸಂಗಗಳು, ಬೆಲೆ 75 ಪೌಂಡು. ಅದೂ ಮಿತವಾದ ಸಂಖ್ಯೆಯಲ್ಲಿ. ಅದೂ ಬೇಗನೆ ತೀರಿತು. ಐದು ವರ್ಷ ಹಿಂದೆ ತಪ್ಪಿಸಿಕೊಂಡವರಲ್ಲಿ ಕೆಲವರಿಗೆ ದೊರಕಿತು. ನಡುವಿನ ವರ್ಷಗಳಲ್ಲಿ ಹೆಚ್ಚು ಹಣ ತೆತ್ತು ಎರಡನೆಯ ಕೈಯಿಂದ ಕೊಂಡಿದ್ದವರ ಮುಖ ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ. ಅಲ್ಲಿಂದೀಚೆಗೆ ಹವ್ಯಾಸಿಗಳು 'ಎಂದೂ ಇಲ್ಲ' ಎಂಬ ಮಾತನ್ನು 'ಸದ್ಯಕ್ಕಿಲ್ಲ' ಎಂದು ಓದುವುದನ್ನು ಕಲಿತಿದ್ದಾರೆ.

ಹ್ಯಾಲಿವೆಲ್ 2021ರಲ್ಲಿ ತೀರಿಕೊಂಡ. ಪೆಟ್ಟಿಗೆಯ ಮುಚ್ಚಳದ ಮೇಲೆ ದೊಡ್ಡದಾಗಿ ಕಾಣುವುದು ಕಂಪೆನಿಯ ಹೆಸರು, ಆಟದ ಹೆಸರು. ರೂಪಿಸಿದವನ ಹೆಸರನ್ನು ಒಳಗೆ ಹುಡುಕಬೇಕು. ಪಗಡೆಯನ್ನು ಕಟ್ಟಿದವನ ಹೆಸರು ನಮಗಾದರೂ ಗೊತ್ತೆ?

1989ರ ಪೆಟ್ಟಿಗೆಯ ಮೊದಲನೆಯ ಪ್ರಸಂಗಕ್ಕೆ 'ಸುಯಿಸೈಡ್ ಮಿಷನ್' ಎಂದು ಹೆಸರು; ಸಾವಿಗೆ ಸಿದ್ಧರಾಗಿ ಹೋಗುವ ಕಾರ್ಯ. ಒಂದು ಸಣ್ಣ ತಂಡ, ಅದರಲ್ಲಿ ಬೆಂಕಿ ಕಾರುವ ಆಯುಧ ಹಿಡಿದವನು ಒಬ್ಬನೇ. ಓಣಿಗಳನ್ನು ದಾಟಿ ನಿಯಂತ್ರಣದ ಕೋಣೆಗೆ ಅವನು ಬೆಂಕಿ ಇಡಬೇಕು. ಅದಕ್ಕೆ ಮೊದಲೇ ಅವನು ಬಿದ್ದರೆ ಆಟ ಸೋತಂತೆ. ಇಪ್ಪತ್ತು ವರ್ಷದ ಮೇಲೆ ಬಂದ ಪೆಟ್ಟಿಗೆಯಲ್ಲಿಯೂ ಮೊದಲ ಪ್ರಸಂಗ ಅದೇ, ಹೆಸರೂ ಅದೇ. ಹಳಬರು ಪುಸ್ತಕ ತೆರೆದರು, ರಟ್ಟಿನ ಓಣಿಗಳನ್ನು ಜೋಡಿಸಿದರು, ಬಣ್ಣ ಕಾಣದ ಐದು ಬೊಂಬೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದರು. ಬೆಂಕಿಯವನನ್ನು ಎಷ್ಟನೆಯ ಸ್ಥಾನದಲ್ಲಿ ನಿಲ್ಲಿಸಬೇಕೆಂಬ ಹಳೆಯ ವಾದ ಆ ರಾತ್ರಿಯೇ ಮತ್ತೆ ಶುರುವಾಯಿತು.