ಮೂವತ್ತೆರಡು ಗಣಪತಿ, ಒಂದೇ ಪಟ್ಟಿ

ನಮ್ಮ ಜಿಲ್ಲೆಯಲ್ಲಿ ಮಗನೊಬ್ಬ ತಂದೆಯ ನೆನಪಿಗೆಂದು ಕಟ್ಟಿಸಿದ ಗುಡಿಗಳು ಎರಡಿವೆ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ಕಟ್ಟಿಸಿದರು. ಅವರ ತಂದೆ ತೀರಿಕೊಂಡದ್ದು ಆ ಊರಿನಲ್ಲಿ. ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದರು. ಅವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಅರಿಕುಠಾರವೆಂದಿದ್ದ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟವರೂ ಮುಮ್ಮಡಿಯವರೇ. ಗುಂಡ್ಲುಪೇಟೆಯ ಗುಡಿ ಬಹುಕಾಲ ಪಾಳುಬಿದ್ದಿತ್ತು. ಚಾಮರಾಜೇಶ್ವರ ಇಂದಿಗೂ ಊರಿನ ನಡುವೆ ಜನರಿಂದ ತುಂಬಿರುವ ಗುಡಿ. ಆಷಾಢ ಮಾಸದಲ್ಲಿ ಸಾಮಾನ್ಯವಾಗಿ ತೇರು ಎಳೆಯುವುದಿಲ್ಲ, ಇಲ್ಲಿ ಎಳೆಯುತ್ತಾರೆ. ತವರಿಗೆ ಹೋದ ಹೊಸ ಮದುವಣಗಿತ್ತಿಯರು ಗಂಡನ ಜೊತೆ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ.

ನನ್ನ ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯ ಕಾಲೇಜಿನಲ್ಲಿ. ದಿನವೂ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಾಠ ಹೇಳುವುದು ಕಂಪ್ಯೂಟರ್. ಅದರಲ್ಲೂ ತೆರೆಯ ಮೇಲೆ ಕಿಟಕಿ, ಗುಂಡಿ, ಮೆನು, ಚಿತ್ರಗಳನ್ನು ಜೋಡಿಸುವ ವಿಷಯ. ತುಂಬಾ ಚಿತ್ರಗಳನ್ನು ಒಂದು ಕ್ರಮದಲ್ಲಿ ಇಟ್ಟು, ಹೆಸರು ಕರೆದೊಡನೆ ಸರಿಯಾದದ್ದು ಎದ್ದು ಬರುವಂತೆ ಮಾಡುವುದು ಹೇಗೆ ಎಂಬುದು ಆ ಪಾಠದ ಒಂದು ಅಧ್ಯಾಯ. ಈ ಕೆಲಸಕ್ಕೆ ನಮ್ಮ ಸೀಮೆಯಲ್ಲೇ ಸುಮಾರು ಇನ್ನೂರು ವರ್ಷದ ಹಳೆಯ ಮಾದರಿಯೊಂದಿದೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಅದು ಚಾಮರಾಜೇಶ್ವರ ದೇವಾಲಯದ ಮೂವತ್ತೆರಡು ಗಣಪತಿಗಳು.

ಮುಮ್ಮಡಿಯವರು 1799ರಲ್ಲಿ, ಐದು ವರ್ಷದ ಮಗುವಾಗಿದ್ದಾಗ, ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಆಮೇಲೂ 1868ರವರೆಗೆ ಬದುಕಿದ್ದ ಅವರ ಅರಮನೆಯಲ್ಲಿ ವಿದ್ವಾಂಸರೂ ಚಿತ್ರಗಾರರೂ ಇದ್ದೇ ಇದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ ದೊಡ್ಡ ಗ್ರಂಥ ‘ಶ್ರೀತತ್ತ್ವನಿಧಿ’. ಅದರಲ್ಲಿ ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಯಾವ ದೇವತೆಯ ರೂಪ ಹೇಗಿರಬೇಕು ಎಂದು ಹೇಳುವ ಶ್ಲೋಕಗಳನ್ನು ಆಗಮ, ಪುರಾಣಗಳಿಂದ ಹೆಕ್ಕಿ, ವಿಷಯವಾರು ಜೋಡಿಸಿ, ಜೊತೆಗೆ ಬಣ್ಣದ ಚಿತ್ರ ಬರೆಸಿದ ಕೆಲಸ ಅದು. ಒಂದು ಪ್ರತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಕೊನೆಯ ಕೌತುಕನಿಧಿಯಲ್ಲಿರುವ 122 ಯೋಗಾಸನಗಳ ಚಿತ್ರಗಳ ಮೇಲೆ ಎನ್. ಇ. ಶೋಮನ್ 1996ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಹೊರದೇಶದ ಯೋಗಾಭ್ಯಾಸಿಗಳಿಗೂ ಗ್ರಂಥದ ಪರಿಚಯವಾಯಿತು.

ಶಿವನಿಧಿಯಲ್ಲಿ ಗಣಪತಿಯ ಮೂವತ್ತೆರಡು ರೂಪಗಳಿವೆ. ಬಾಲ, ತರುಣ, ಭಕ್ತಿ, ವೀರ, ಶಕ್ತಿ, ದ್ವಿಜ ಎಂದು ಮೊದಲಾಗಿ ಯೋಗ, ದುರ್ಗಾ, ಸಂಕಷ್ಟಹರದವರೆಗೆ ಸಾಗುವ ಸಾಲು. ಅದೇ ಕಾಲದಲ್ಲಿ, ಅದೇ ದೊರೆಯ ಅಪ್ಪಣೆಯಂತೆ, ಇದೇ ಮೂವತ್ತೆರಡು ರೂಪಗಳು ಶಿಲ್ಪವಾಗಿಯೂ ಮೂಡಿದವು. ಒಂದು ತಂಡ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ, ಇನ್ನೊಂದು ನಮ್ಮ ಚಾಮರಾಜೇಶ್ವರನಲ್ಲಿ. ಅಂದರೆ ಹೆಸರುಗಳ ಪಟ್ಟಿ ಒಂದು, ಅದರ ಮೂರ್ತರೂಪ ಮೂರು ಕಡೆ: ಹಾಳೆಯ ಮೇಲೊಂದು, ಗುಡಿಗಳಲ್ಲಿ ಎರಡು.

ಈ ಪಟ್ಟಿ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಪ್ರತಿ ಹೆಸರಿಗೂ ಒಂದು ಧ್ಯಾನಶ್ಲೋಕ. ಮೈಬಣ್ಣ ಯಾವುದು, ಮುಖ ಎಷ್ಟು, ಕೈ ಎಷ್ಟು, ಯಾವ ಕೈಯಲ್ಲಿ ಏನು, ಕೂತಿದೆಯೋ ನಿಂತಿದೆಯೋ, ಏರಿದ್ದು ಯಾವುದನ್ನು ಎಂದು ಅದು ಹೇಳುತ್ತದೆ. ಬಾಲಗಣಪತಿಗೆ ಹುಟ್ಟುವ ಸೂರ್ಯನ ಕೆಂಪು, ಕೈಗಳಲ್ಲಿ ಬಾಳೆಹಣ್ಣು, ಮಾವು, ಹಲಸು, ಕಬ್ಬು. ತರುಣಗಣಪತಿಯೂ ಕೆಂಪೇ, ಆದರೆ ಎಂಟು ಕೈ. ವೀರಗಣಪತಿಗೆ ಹದಿನಾರು ಕೈ, ತುಂಬಾ ಆಯುಧ. ಭಕ್ತಿಗಣಪತಿ ಶರತ್ಕಾಲದ ಚಂದ್ರನಂತೆ ಬಿಳಿ. ಹರಿದ್ರಾಗಣಪತಿ ಅರಿಸಿನದ ಬಣ್ಣ. ದ್ವಿಜನಿಗೆ ನಾಲ್ಕು ಮುಖ. ಹೇರಂಬನಿಗೆ ಐದು ಮುಖ, ಹತ್ತು ಕೈ, ಸಿಂಹವಾಹನ.

ನಮ್ಮಜ್ಜಿ ಶ್ಲೋಕ ಓದಿದವಳಲ್ಲ. ಆದರೂ ಗುಡಿ ಸುತ್ತುವಾಗ ನನಗೆ ಹೇಳಿಕೊಟ್ಟದ್ದು ಇದೇ ಕ್ರಮ: “ಮೊದ್ಲು ಮೊಕ ಎಣಿಸ್ಕ ಮಗ, ಆಮೇಲ ಕೈ ಎಣಿಸ್ಕ, ಕೈಲಿ ಏನದ ನೋಡ್ಕ. ಹೆಸ್ರು ತಾನಾಗೇ ಬತ್ತದ.” ಮುಂದೆ ಶ್ರೀತತ್ತ್ವನಿಧಿಯ ಅಚ್ಚಾದ ಸಂಪುಟವನ್ನು ಗ್ರಂಥಾಲಯದಲ್ಲಿ ಬಿಚ್ಚಿ ಕೂತಾಗ ಆ ಮಾತು ಎಷ್ಟು ಸರಿ ಎಂದು ತಿಳಿಯಿತು. ಚಿತ್ರಗಾರನಿಗೆ ಬಣ್ಣದ ನೆರವಿತ್ತು. ಕಲ್ಲುಕುಟಿಗನಿಗೆ ಅದಿಲ್ಲ. ಕೆಂಪು, ಬಿಳಿ, ಅರಿಸಿನ ಎಲ್ಲವೂ ಕಲ್ಲಿನಲ್ಲಿ ಒಂದೇ ಆಗಿಬಿಡುತ್ತವೆ. ಉಳಿಯುವುದು ಮುಖ, ಕೈ, ಕೈಯಲ್ಲಿ ಹಿಡಿದದ್ದು, ಕೂತ ಭಂಗಿ, ವಾಹನ. ಹಾಗಾಗಿ ಹಲಸಿನ ಹಣ್ಣೊಂದು ಸವೆದುಹೋದರೆ, ಕಬ್ಬಿನ ಜಲ್ಲೆಯೊಂದು ಮುರಿದರೆ, ನಷ್ಟವಾಗುವುದು ಬರೀ ಅಲಂಕಾರವಲ್ಲ. ಆ ಮೂರ್ತಿಯ ಗುರುತೇ ಹೋಗುತ್ತದೆ.

ಇನ್ನು ಕಂಪ್ಯೂಟರಿನ ಕಡೆಯ ಚರಿತ್ರೆ. 1984ರಲ್ಲಿ ಬಂದ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಎಂಬ ಕಲಾವಿದೆ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಪುಟ್ಟ ಚಿತ್ರಗಳನ್ನು ಬರೆದರು. ಆಮೇಲಿನ ವರ್ಷಗಳಲ್ಲಿ ಲಿನಕ್ಸ್‌ನಲ್ಲಿ ಪ್ರತಿ ತಂತ್ರಾಂಶವೂ ತನ್ನ ಚಿತ್ರಗಳನ್ನು ತಾನೇ ಹೊತ್ತು ತರುತ್ತಿತ್ತು. ಹೊಸ ಕಡತ ತೆರೆಯುವ ಗುಂಡಿ ಒಂದರಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಾದ ಕೆಡಿಇ 1996ರಲ್ಲಿ, ಗ್ನೋಮ್ 1997ರಲ್ಲಿ ಶುರುವಾದವು. ಮೊದಲನೆಯದು ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಕ್ಯೂಟಿ ಎಂಬ ಟೂಲ್‌ಕಿಟ್ಟಿನ ಮೇಲೆ ನಿಂತಿತು, ಎರಡನೆಯದು ಜಿಟಿಕೆ ಎಂಬುದರ ಮೇಲೆ. ಇಬ್ಬರಿಗೂ ಸಲ್ಲುವ ಒಪ್ಪಂದಗಳನ್ನು ಬರೆಯಲು 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಕೂಟ ಹುಟ್ಟಿತು. ಚಿತ್ರಗಳನ್ನು ಯಾವ ಕಡತಕೋಶದಲ್ಲಿ ಯಾವ ಅಳತೆಯಲ್ಲಿ ಇಡಬೇಕು ಎಂಬ ನಿಯಮ ಬಂತು. ಯಾವ ಕೆಲಸದ ಚಿತ್ರಕ್ಕೆ ಯಾವ ಹೆಸರು ಎಂಬ ಪಟ್ಟಿಯೂ ಬಂತು. 2004ರ ಜಿಟಿಕೆ 2.4ರಲ್ಲಿ ಹೆಸರು ಹೇಳಿ ಚಿತ್ರ ತರಿಸುವ ಸೌಲಭ್ಯ ಸೇರಿತು, 2009ರ ಕ್ಯೂಟಿ 4.6ರಲ್ಲೂ ಸೇರಿತು. 2005ರಲ್ಲಿ ಶುರುವಾದ ಟ್ಯಾಂಗೋ ಯೋಜನೆ ಆ ಪಟ್ಟಿಗೆ ಒಂದೇ ಕೈಬರಹದ ಚಿತ್ರಗಳನ್ನು ಬರೆಯಿತು.

ತಂತ್ರಾಂಶ ಬರೆಯುವವರು ಈಗ ಇಂಥ ಚಿತ್ರಗಳನ್ನು ಹೊತ್ತು ತರಬೇಕಿಲ್ಲ. ‘ಡಾಕ್ಯುಮೆಂಟ್-ಸೇವ್’ ಎಂದು ಹೆಸರು ಹೇಳುತ್ತಾರೆ. ಬಳಸುವವರು ಆರಿಸಿಕೊಂಡ ಥೀಮಿನಲ್ಲಿ, ಅಂದರೆ ಚಿತ್ರಗಳ ಕಟ್ಟಿನಲ್ಲಿ, ಟೂಲ್‌ಕಿಟ್ ಅದನ್ನು ಹುಡುಕುತ್ತದೆ. ಅಲ್ಲಿಲ್ಲದಿದ್ದರೆ ಆ ಥೀಮ್ ಯಾವುದನ್ನು ಆಶ್ರಯಿಸಿದೆಯೋ ಅದರಲ್ಲಿ, ಕೊನೆಗೆ ಎಲ್ಲರಿಗೂ ಆಸರೆಯಾದ ‘ಹೈಕಲರ್’ ಎಂಬುದರಲ್ಲಿ. ಹೆಸರನ್ನೂ ಹಿಂದಿನಿಂದ ಕಳಚಿ ನೋಡಬಹುದು. ‘ಇನ್‌ಪುಟ್-ಮೌಸ್-ಯುಎಸ್‌ಬಿ’ ಸಿಗದಿದ್ದರೆ ‘ಇನ್‌ಪುಟ್-ಮೌಸ್’ ಸಾಕು. ಚಿಕ್ಕ ಅಳತೆಗೆ ದೊಡ್ಡ ಚಿತ್ರವನ್ನು ಕುಗ್ಗಿಸಿದರೆ ಗೆರೆಗಳು ಕಲಸಿಹೋಗುತ್ತವೆ; ಅದಕ್ಕೇ 16 ಚುಕ್ಕಿಯ ಚಿತ್ರವನ್ನು ಬೇರೆಯಾಗಿಯೇ ಬರೆಯುತ್ತಿದ್ದರು. 2011ರ ಗ್ನೋಮ್ 3ರಲ್ಲಿ ಬಣ್ಣವನ್ನೇ ಬಿಟ್ಟ ಒಂದೇ ವರ್ಣದ ಚಿತ್ರಗಳು ಮುಂದೆ ಬಂದವು. ಅಲ್ಲಿ ಗುರುತು ಹಿಡಿಯುವುದು ಹೊರಗೆರೆಯಿಂದ ಮಾತ್ರ. ನಮ್ಮ ಕಲ್ಲುಕುಟಿಗ ಎದುರಿಸಿದ ಕಷ್ಟವೇ ಇದು.

ಹೆಸರುಗಳ ಆ ಪಟ್ಟಿಯಲ್ಲಿ ‘ಡಾಕ್ಯುಮೆಂಟ್-ಸೇವ್’ ಎದುರಿಗೆ, ಕೆಳಮುಖವಾದ ಬಾಣ ಹಾರ್ಡ್‌ಡಿಸ್ಕಿನ ಕಡೆ ತಿರುಗಿರಬೇಕು ಎಂಬ ವಿವರಣೆಯಿದೆ. ತರಗತಿಯಲ್ಲಿ ನಾನು ಅದನ್ನು ಆ ಚಿತ್ರದ ಧ್ಯಾನಶ್ಲೋಕ ಎಂದೇ ಕರೆಯುತ್ತೇನೆ. ಆದರೆ ಇಂಥ ವಿವರಣೆ ಅಲ್ಲಿ ಕೆಲವಕ್ಕೆ ಮಾತ್ರ. ಹೆಚ್ಚಿನವಕ್ಕೆ ಹೆಸರನ್ನಷ್ಟೇ ಗಟ್ಟಿಮಾಡಿ, ರೂಪವನ್ನು ಕಲಾವಿದರಿಗೆ ಬಿಟ್ಟಿದ್ದಾರೆ. ಶ್ರೀತತ್ತ್ವನಿಧಿ ರೂಪವನ್ನೂ ಗಟ್ಟಿಮಾಡಿತು. ಎರಡು ದಾರಿಗೂ ಬೆಲೆಯಿದೆ. ಹೆಸರು ಮಾತ್ರ ನಿಂತರೆ ಹೊಸ ಕೈಗಳಿಗೆ ಜಾಗ ಸಿಗುತ್ತದೆ. ರೂಪವೂ ಬರವಣಿಗೆಯಲ್ಲಿದ್ದರೆ ಕಳೆದುಹೋದದ್ದನ್ನು ಮತ್ತೆ ಗುರುತಿಸಬಹುದು, ಬೇಕಾದರೆ ಮತ್ತೆ ಕಡೆಯಬಹುದು. ಬರವಣಿಗೆಯೇ ಇಲ್ಲದ ಸಂಗ್ರಹಕ್ಕೆ ಮಾತ್ರ ಉಳಿಗಾಲವಿಲ್ಲ. ಪಾಳುಬಿದ್ದ ಗುಡಿಯ ಮುಂದೆ ನಿಂತು, ಯಾವ ಗೂಡಿನಲ್ಲಿ ಯಾವ ಮೂರ್ತಿ ಇತ್ತು ಎಂದು ಮಕ್ಕಳು ಕೇಳಿದಾಗ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ. ಗುಂಡ್ಲುಪೇಟೆ ನಮಗೆ ಕಲಿಸಿರುವ ಪಾಠ ಅದು.

ಹಾಗಾಗಿ ನನ್ನ ವಿದ್ಯಾರ್ಥಿಗಳ ಮುಂದೆ ಒಂದು ಕೆಲಸ ಇಟ್ಟಿದ್ದೇನೆ. ದೇವಸ್ಥಾನದವರ ಅನುಮತಿ ಪಡೆದು ಚಾಮರಾಜೇಶ್ವರನ ಒಂದೊಂದು ಗಣಪತಿಯನ್ನೂ ದಾಖಲಿಸಬೇಕು. ಹೆಸರು, ಶಿವನಿಧಿಯಲ್ಲಿ ಅದರ ಕ್ರಮಸಂಖ್ಯೆ, ಮುಖ, ಕೈ, ಬಲಗೈಗಳಲ್ಲಿ ಏನು, ಎಡಗೈಗಳಲ್ಲಿ ಏನು, ವಾಹನ, ಗುಡಿಯೊಳಗೆ ಇರುವ ಜಾಗ, ಸವೆದದ್ದು, ಮುರಿದದ್ದು, ಜೊತೆಗೆ ಫೋಟೋ. ಪಕ್ಕದಲ್ಲಿ ನಂಜನಗೂಡಿನ ಅದೇ ಹೆಸರಿನ ಶಿಲ್ಪದ ವಿವರ. ಒಂದು ಕಡೆ ಸವೆದದ್ದನ್ನು ಇನ್ನೊಂದು ಕಡೆ ನೋಡಿ ತುಂಬಿಕೊಳ್ಳಬಹುದು. ಎರಡೂ ಕಡೆ ಹೋಗಿದ್ದರೆ ಶ್ಲೋಕವಿದೆ. ಎಲ್ಲವೂ ಕನ್ನಡದಲ್ಲಿ, ಯಾರು ಬೇಕಾದರೂ ತೆಗೆದುಕೊಂಡು ಬಳಸುವಂತೆ ಇರಬೇಕು.

ಇದಕ್ಕೆ ದೊಡ್ಡ ಹಣ ಬೇಡ. ತಾಳ್ಮೆ ಬೇಕು, ಎಣಿಸುವ ಕಣ್ಣು ಬೇಕು. ಪಟ್ಟಿ ಮಾಡಿ, ಚಿತ್ರ ಬರೆಸಿ, ಕಲ್ಲಿನಲ್ಲಿ ಕಡೆಸುವ ಕಷ್ಟದ ಭಾಗವನ್ನು ಮುಮ್ಮಡಿಯವರ ಕಾಲದವರು ಆಗಲೇ ಮುಗಿಸಿದ್ದಾರೆ. ಅವರು ಜೋಡಿಸಿಟ್ಟದ್ದನ್ನು ನೋಡಿ ಬರೆದುಕೊಳ್ಳುವುದಷ್ಟೇ ನಮ್ಮ ಪಾಲಿಗೆ ಬಂದಿದೆ. ಬರುವ ಆಷಾಢದ ತೇರಿನೊಳಗೆ ಮೊದಲ ಹದಿನಾರನ್ನು, ಷೋಡಶ ಗಣಪತಿಗಳನ್ನು, ಮುಗಿಸಬೇಕೆಂದು ಮಕ್ಕಳು ತಾವೇ ಗಡುವು ಹಾಕಿಕೊಂಡಿದ್ದಾರೆ. ಉಳಿದ ಹದಿನಾರು ಅದರ ಮುಂದಿನ ಆಷಾಢಕ್ಕೆ.