ಸರ್ ಮಿರ್ಜಾ ಇಸ್ಮಾಯಿಲ್: ಹುದ್ದೆ ಹೋದಾಗ ಉಳಿದದ್ದು



ನಮ್ಮ ನಾಗರಬಾವಿಯಿಂದ ಮಾರ್ಕೆಟ್ ಕಡೆಗೆ ಹೋದಾಗ ನೀವು ಪುರಭವನದ ಎತ್ತರದ ಕಂಬಗಳನ್ನು ನೋಡಿರುತ್ತೀರಿ. 1935ರಲ್ಲಿ ಆ ಕಟ್ಟಡ ಉದ್ಘಾಟನೆಯಾದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನ ತೋಟದ ಮಿರ್ಜಾರನ್ನು ಎಲ್ಲರೂ ಬಲ್ಲರು. ದಿವಾನಗಿರಿ ಬಿಟ್ಟು ಹೊರನಡೆದ ಮಿರ್ಜಾರನ್ನು ಬಲ್ಲವರು ಕಡಿಮೆ. ಈ ಲೇಖನ ಆ ಎರಡನೆಯವರ ಕುರಿತು. ಏಕೆಂದರೆ ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ವರ್ಗಾವಣೆ, ಹೊಸ ಆಡಳಿತ ಮಂಡಳಿ, ಹೊಸ ಯಂತ್ರ, ಮುಚ್ಚಿದ ಕಾರ್ಖಾನೆ ಎಂಬ ಮಾತುಗಳ ನಡುವೆಯೇ ಬದುಕುತ್ತಿದ್ದಾರೆ. ನಾಳೆ ಕೆಲಸಕ್ಕೆ ಸೇರುವ ವಿದ್ಯಾರ್ಥಿಗಳಿಗೂ ಇದು ತಪ್ಪಿದ್ದಲ್ಲ.

ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಮಿರ್ಜಾ ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಪೊಲೀಸ್ ಇಲಾಖೆಯ ಸಹಾಯಕ ಸೂಪರಿಂಟೆಂಡೆಂಟ್ ಆಗಿ ಸೇವೆಗೆ ಸೇರಿದರು. ಮುಂದೆ ಅರಮನೆಯ ಕಾರ್ಯದರ್ಶಿ ಹುದ್ದೆಗಳು, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ, 1926ರಲ್ಲಿ ದಿವಾನರು. ಸ್ನೇಹಿತನಾದ್ದರಿಂದ ಮೇಲೆ ಬಂದರು ಎಂದು ಕೆಲವರು ಹೇಳುತ್ತಾರೆ. ಸ್ನೇಹ ಬಾಗಿಲು ತೆರೆದದ್ದು ನಿಜ. ಹದಿನೈದು ವರ್ಷ ಒಳಗೆ ಕೆಲಸ ಮಾಡಿಸಿದ್ದು ಬೇರೆ.

ಆ ಬೇರೆಯದನ್ನು ಉರ್ದುವಿನಲ್ಲಿ ಮಕ್ಸದ್ ಎನ್ನುತ್ತೇವೆ. ಮಿರ್ಜಾರ ಮಕ್ಸದ್ ಬಹಳ ಸರಳ: ಊರು ಚೊಕ್ಕಟವಾಗಿರಬೇಕು, ಕಣ್ಣಿಗೆ ತಂಪಾಗಿರಬೇಕು, ಜನರ ಕೈಗೆ ಕೆಲಸವಿರಬೇಕು. ಬೆಳಿಗ್ಗೆ ಕುದುರೆ ಏರಿ ಬೀದಿ ಸುತ್ತಿ, ಕಸ ಕಂಡಲ್ಲಿ ಅಧಿಕಾರಿಗಳನ್ನು ಕೇಳುತ್ತಿದ್ದರು. 1927ರಲ್ಲಿ ಆರಂಭವಾದ ಬೃಂದಾವನ ತೋಟ, 1933ರ ಮಂಡ್ಯದ ಸಕ್ಕರೆ ಕಾರ್ಖಾನೆ, 1935ರ ವಾಣಿವಿಲಾಸ ಆಸ್ಪತ್ರೆ, ಭದ್ರಾವತಿಯ ಕಾಗದ ಕಾರ್ಖಾನೆ, ಮೈಸೂರು ಲ್ಯಾಂಪ್ಸ್, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್.ಎ.ಎಲ್.), ಎಲ್ಲವೂ ಅವರ ಕಾಲದವು. ಇವುಗಳಲ್ಲಿ ಮೈಸೂರು ಲ್ಯಾಂಪ್ಸ್ ಮುಚ್ಚಿಹೋಗಿದೆ ಎಂಬುದನ್ನೂ ಮರೆಯಬಾರದು. ಅಲ್ಲಿ ದುಡಿದವರ ಮನೆಗಳಲ್ಲಿ ಬದಲಾವಣೆ ಎಂಬುದು ಭಾಷಣದ ವಿಷಯವಲ್ಲ.

ಮಿರ್ಜಾರನ್ನು ಹೊಗಳುವಾಗ ನಾವು 1938ನ್ನು ದಾಟಿಬಿಡುತ್ತೇವೆ. ಅದು ಸರಿಯಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಸರ್ದಾರ್ ಪಟೇಲರು ಬಂದು ಮಾತುಕತೆ ನಡೆದ ಮೇಲೆ ಒಪ್ಪಂದವಾಯಿತು. ಜನರಿಗೆ ಏನು ಬೇಕೆಂದು ಮಿರ್ಜಾರಿಗೆ ಗೊತ್ತಿತ್ತು. ಅದನ್ನು ಜನರೇ ಹೇಳಬೇಕೆಂಬುದನ್ನು ಅವರು ತಡವಾಗಿ ಕಂಡರು ಎಂಬುದು ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಸಿಂಹಾಸನಕ್ಕೆ ಯುವಕ ಜಯಚಾಮರಾಜ ಒಡೆಯರು ಬಂದರು. ಹೊಸ ಅರಸರಿಗೂ ಹಳೆಯ ದಿವಾನರಿಗೂ ಹೊಂದಿಕೆಯಾಗಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಯೋಚಿಸಿ ನೋಡಿ: ವಯಸ್ಸು ಐವತ್ತೇಳು, ಬಾಲ್ಯದ ಗೆಳೆಯನಿಲ್ಲ, ಮೂವತ್ತಾರು ವರ್ಷ ದುಡಿದ ಸಂಸ್ಥಾನದಲ್ಲಿ ಕುರ್ಚಿಯಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ಬೈಯುತ್ತಿರಲಿಲ್ಲ.

ಮರುವರ್ಷ ಅವರು ಜಯಪುರದ ಪ್ರಧಾನಮಂತ್ರಿಯಾಗಿ ಹೋದರು. ಅಲ್ಲಿ ಕನ್ನಡವಿಲ್ಲ, ಕಾವೇರಿಯಿಲ್ಲ, ಮರುಭೂಮಿಯ ಅಂಚಿನ ಊರು. ದೊರೆಯೂ ಹೊಸಬರು. ಆದರೆ ಮಿರ್ಜಾ ಮಾಡಿದ್ದು ಬೆಂಗಳೂರಿನಲ್ಲಿ ಮಾಡಿದ್ದನ್ನೇ: ರಸ್ತೆ ಅಗಲ ಮಾಡಿಸಿದರು, ಊರನ್ನು ಅಂದಗೊಳಿಸಿದರು, ಹಳೆಯ ಕೋಟೆಗೋಡೆಯ ಹೊರಗೆ ನಗರ ಬೆಳೆಯಲು ದಾರಿ ಮಾಡಿದರು. ಇಲ್ಲಿ ನಮ್ಮ ಉಪಾಧ್ಯಾಯ ಮಿತ್ರರು ಸ್ವಲ್ಪ ನಿಲ್ಲಬೇಕು. ನಿಮ್ಮನ್ನು ಬೇರೆ ಶಾಲೆಗೆ ಹಾಕಿದರು, ಕಪ್ಪುಹಲಗೆಯ ಜಾಗದಲ್ಲಿ ಪರದೆ ಬಂತು ಎನ್ನೋಣ. ಆಗ ನಿಮ್ಮ ನೇಮಕಾತಿ ಪತ್ರದಲ್ಲಿರುವ ಹುದ್ದೆಯ ಹೆಸರನ್ನು ಮುಚ್ಚಿ, "ನಾನು ಇಲ್ಲಿ ಮಾಡುತ್ತಿರುವುದು ಏನು?" ಎಂದು ಒಂದು ವಾಕ್ಯ ಬರೆದು ನೋಡಿ. "ಏಳನೇ ತರಗತಿಯ ಉರ್ದು ಮೇಷ್ಟ್ರು" ಎಂದು ಬರೆದರೆ ತರಗತಿ ಹೋದಾಗ ಅದೂ ಹೋಯಿತು. "ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಓದು ಹಚ್ಚಿಸುವುದು" ಎಂದು ಬರೆದರೆ ಅದು ಹೊಸ ಶಾಲೆಗೂ ನಿಮ್ಮೊಡನೆ ಬರುತ್ತದೆ.

ಹಾಗೆಂದು ಮಕ್ಸದ್ ಇದ್ದವನು ಎಲ್ಲೆಡೆ ಗೆಲ್ಲುತ್ತಾನೆಂದಲ್ಲ. 1946ರಲ್ಲಿ ಮಿರ್ಜಾ ಹೈದರಾಬಾದಿಗೆ ಹೋದರು. ನಿಜಾಮರ ಸಂಸ್ಥಾನ ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬುದು ಅವರ ನಿಲುವು. ಜಿನ್ನಾರಿಗೆ ಅವರ ನೇಮಕವೇ ಇಷ್ಟವಿರಲಿಲ್ಲ. ಇತ್ತೆಹಾದ್ ಪಕ್ಷದವರು ಬಹಿರಂಗವಾಗಿ ವಿರೋಧಿಸಿದರು. ಒಂದು ವರ್ಷ ತುಂಬುವ ಮೊದಲೇ, 1947ರಲ್ಲಿ, ರಾಜೀನಾಮೆ ಕೊಟ್ಟು ಬಂದರು. ಮಾತು ಬದಲಿಸಿ ಕುರ್ಚಿ ಉಳಿಸಿಕೊಳ್ಳಬಹುದಿತ್ತು, ಉಳಿಸಿಕೊಳ್ಳಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು.

ಆ ಬಳಿಕವೂ ಅವರು ಸುಮ್ಮನೆ ಕೂರಲಿಲ್ಲ. ವಿಶ್ವಸಂಸ್ಥೆಯ ಕೆಲಸದ ಮೇಲೆ ಇಂಡೋನೇಷ್ಯಾಕ್ಕೆ ಹೋಗಿಬಂದರು, 1954ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ನಾಲ್ಕೇ ವರ್ಷ ಕೆಲಸ ಮಾಡಿದ ಜಯಪುರದಲ್ಲಿ ಊರಿನ ದೊಡ್ಡ ಬೀದಿಯೊಂದನ್ನು ಜನ ಎಂ.ಐ. ರೋಡ್ ಎಂದು ಕರೆಯುತ್ತಾರೆ. ಆ ಎರಡಕ್ಷರ ನಮ್ಮ ಬೆಂಗಳೂರಿನ ಮಿರ್ಜಾ ಇಸ್ಮಾಯಿಲರದು.